ಮುಂದಕ್ಕೆ ಹೋಗದ ರೈಲು: ಚಾಮರಾಜನಗರ ಸ್ಟೇಷನ್ನಿನ ಕಥೆ-ವ್ಯಥೆ

ಚಾಮರಾಜನಗರ: ಮೈಸೂರಿನಿಂದ ಹೊರಟ ರೈಲು ಚಾಮರಾಜನಗರದಲ್ಲಿ ನಿಂತಿತು ಅಂದರೆ ನಿಂತಿತು. ಇಳಿಯುವವರಿಗೆ ಇಲ್ಲಿ ಆತುರವಿಲ್ಲ. ಮಕ್ಕಳ ಚಪ್ಪಲಿ ಹುಡುಕಿ, ಚೀಲಗಳನ್ನು ಎಣಿಸಿಕೊಂಡು, ಸೀಟಿನಡಿಗೆ ಉರುಳಿಹೋದ ತೆಂಗಿನಕಾಯಿಯನ್ನೂ ಬಿಡದೆ ಎತ್ತಿಕೊಂಡು ಸಾವಕಾಶವಾಗಿ ಇಳಿಯುತ್ತಾರೆ. ಗಾಡಿ ಮುಂದಕ್ಕೆ ಹೋಗುವುದಿಲ್ಲವಲ್ಲ! ಇನ್ನೂ ನಿದ್ದೆಯಲ್ಲೇ ಇರುವವರನ್ನು ಪಕ್ಕದವರು ತಟ್ಟಿ, "ಏಳಿ ಕನಣ್ಣ, ಊರು ಬಂತು" ಎಂದು ಎಬ್ಬಿಸಿ ಹೋಗುತ್ತಾರೆ. ಎಬ್ಬಿಸದಿದ್ದರೂ ನಷ್ಟವಿಲ್ಲ. ಮಲಗಿದವನು ಹೆಚ್ಚೆಂದರೆ ವಾಪಸ್ ಮೈಸೂರಿಗೆ ಹೋಗಿಬಿಟ್ಟಾನು. ಬೇರೆ ಎಲ್ಲಿಗೂ ಹೋಗಲು ಇಲ್ಲಿಂದ ಹಳಿಯಿಲ್ಲ.

ಪ್ಲಾಟ್‌ಫಾರಂ ದಾಟಿ ಹೋದರೆ ಹಳಿ ಮುಗಿಯುತ್ತದೆ. ಅದರಾಚೆ ಹೊಲ, ಹೊಲದಾಚೆ ಗುಡ್ಡ, ಗುಡ್ಡದಾಚೆ ಕಾಡು, ಕಾಡಿನಾಚೆ ತಮಿಳು ಸೀಮೆ. ಮೈಸೂರಿನಿಂದ ಇಲ್ಲಿಗೆ 61 ಕಿಲೋಮೀಟರು ಓಡಿ ಬಂದ ಗಾಡಿ ಬಂದ ದಾರಿಗೆ ಮುಖ ತಿರುಗಿಸಿಕೊಳ್ಳುತ್ತದೆ. 1926ರಲ್ಲಿ ಈ ಊರಿಗೆ ಮೊದಲು ರೈಲು ಬಂದಾಗಿನಿಂದ ನಡೆದಿರುವುದು ಇದೇ. ಲೆಕ್ಕ ಹಾಕಿದರೆ 2026ಕ್ಕೆ ಭರ್ತಿ ನೂರು ವರ್ಷ.

ನೂರು ವರ್ಷ ಒಂದು ಸ್ಟೇಷನ್ನು 'ಕೊನೆಯ ಸ್ಟೇಷನ್ನು' ಆಗಿಯೇ ಉಳಿಯುವುದು ಸಣ್ಣ ಮಾತಲ್ಲ. ಏಕೆಂದರೆ ಇದನ್ನು ಕಟ್ಟಿದ ಕಾಲಕ್ಕೆ ಇದು ಕೊನೆಯಾಗಬೇಕೆಂದು ಯಾರೂ ಬಯಸಿರಲಿಲ್ಲ.

ಅರಿಕುಠಾರಕ್ಕೆ ರೈಲು ಬಂದ ಬಗೆ

ಊರಿನ ಹಳೆಯ ಹೆಸರು ಅರಿಕುಠಾರ. ಖಾಸಾ ಚಾಮರಾಜ ಒಡೆಯರು 1774ರಲ್ಲಿ ಹುಟ್ಟಿದ್ದು ಇಲ್ಲಿ. ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆಯ ನೆನಪಿಗೆ 1818ರಲ್ಲಿ ಊರಿಗೆ ಚಾಮರಾಜನಗರವೆಂದು ಹೆಸರಿಟ್ಟರು, 1826ರಲ್ಲಿ ಚಾಮರಾಜೇಶ್ವರನ ದೇವಸ್ಥಾನ ಕಟ್ಟಿಸಿದರು. ದೇವಸ್ಥಾನ ಎದ್ದು ಸರಿಯಾಗಿ ನೂರು ವರ್ಷಕ್ಕೆ ರೈಲು ಬಂತು. ಅರಮನೆಯವರು ಇದನ್ನು ಲೆಕ್ಕ ಹಾಕಿ ಮಾಡಿದ್ದಲ್ಲ. ಆದರೂ ಜ್ಞಾಪಕ ಇಟ್ಟುಕೊಳ್ಳಲು ಊರಿನವರಿಗೆ ಸುಲಭ.

ರೈಲಿನ ಕಥೆ ಮಾತ್ರ ಇದಕ್ಕೂ ಹಿಂದೆ, ಬೆಂಗಳೂರಿನಿಂದ ಶುರುವಾಗಬೇಕು. 1876-78ರ ಧಾತು ಈಶ್ವರದ ಬರದಲ್ಲಿ ಜನ ಊಟವಿಲ್ಲದೆ ಸತ್ತದ್ದು ಹಳಬರ ಬಾಯಲ್ಲಿ ತಲೆಮಾರುಗಳವರೆಗೆ ಉಳಿದ ಸಂಗತಿ. ಹೊರಗಿನಿಂದ ಧಾನ್ಯ ತರಿಸಿದರೂ ಹಳ್ಳಿಗಳಿಗೆ ಮುಟ್ಟಿಸಲು ದಾರಿಯಿರಲಿಲ್ಲ. ಬರಗಾಲದವರಿಗೆ ಕೂಲಿ ಕೊಡುವ ಕೆಲಸವಾಗಿ ಬೆಂಗಳೂರು-ಮೈಸೂರು ಹಳಿಯ ಕೆಲಸ ಕೈಗೆತ್ತಿಕೊಂಡರು. 1881-82ರ ಹೊತ್ತಿಗೆ, ದಿವಾನ್ ರಂಗಾಚಾರ್ಲು ಕಾಲದಲ್ಲಿ, ಮೀಟರ್ ಗೇಜಿನ ಗಾಡಿ ಮೈಸೂರು ಮುಟ್ಟಿತು. ಅಲ್ಲಿಂದ ನಂಜನಗೂಡಿಗೆ ಹಳಿ ಬಂದದ್ದು 1891ರಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ.

ನಂಜನಗೂಡಿನ ಕಪಿಲಾ ಹೊಳೆ ದಾಟಲು ರೈಲ್ವೆಯವರು ಹೊಸ ಸೇತುವೆ ಕಟ್ಟಲಿಲ್ಲ. 1735ರಲ್ಲಿ ದಳವಾಯಿ ದೇವರಾಜಯ್ಯನವರು ಕಟ್ಟಿಸಿದ್ದ ಕಲ್ಲಿನ ಸೇತುವೆ ಇತ್ತು. ಅದರ ಮೇಲೆಯೇ ಹಳಿ ಹಾಸಿದರು! ಒಂದು ಮಗ್ಗುಲಲ್ಲಿ ಎತ್ತಿನಗಾಡಿ, ಮುಂದೆ ಬಸ್ಸು ಲಾರಿ. ಇನ್ನೊಂದು ಮಗ್ಗುಲಲ್ಲಿ ಹೊಗೆ ಬಿಡುತ್ತಾ ರೈಲು. ರೈಲು ಎನ್ನುವ ವಸ್ತು ಲೋಕದಲ್ಲೇ ಇಲ್ಲದ ಕಾಲಕ್ಕೆ ಕಟ್ಟಿದ ಸೇತುವೆ ರೈಲನ್ನು ನೂರಕ್ಕೂ ಹೆಚ್ಚು ವರ್ಷ ಹೊತ್ತಿತು. ಈಗಿನ ಕೆಲವು ಸೇತುವೆಗಳು ಉದ್ಘಾಟನೆಯ ತೋರಣ ಬಾಡುವ ಮೊದಲೇ ಬಿರುಕು ಬಿಡುವುದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು. ಚಾಮರಾಜನಗರಕ್ಕೆ ಬಂದ ಮೀಟರ್ ಗೇಜಿನ ಪ್ರತಿಯೊಂದು ಗಾಡಿಯೂ ಈ ಸೇತುವೆ ದಾಟಿಯೇ ಬಂದದ್ದು.

1891ರಿಂದ ಮೂವತ್ತೈದು ವರ್ಷ ನಂಜನಗೂಡೇ ಕೊನೆಯ ಸ್ಟೇಷನ್ನು. ಚಾಮರಾಜನಗರ, ಗುಂಡ್ಲುಪೇಟೆ ಕಡೆಯವರು ಗಾಡಿ ಕಟ್ಟಿಕೊಂಡು ನಂಜನಗೂಡಿಗೆ ಹೋಗಿ ರೈಲು ಹಿಡಿಯಬೇಕಿತ್ತು. ಮೈಸೂರು ಸರ್ಕಾರ 1919ರಲ್ಲಿ ಮದ್ರಾಸ್ ಅಂಡ್ ಸದರನ್ ಮರಾಠಾ ಕಂಪನಿಯ ಕೈಯಿಂದ ಈ ಭಾಗದ ರೈಲುಗಳನ್ನು ಬಿಡಿಸಿಕೊಂಡು ತಾನೇ ನಡೆಸಲು ಶುರು ಮಾಡಿತು. ಆ ಮೇಲೆಯೇ ನಂಜನಗೂಡು-ಚಾಮರಾಜನಗರದ ನಡುವಿನ ಸುಮಾರು 35 ಕಿಲೋಮೀಟರ್ ಹಳಿ ಬಿದ್ದದ್ದು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ. ಮಿರ್ಜಾ ಇಸ್ಮಾಯಿಲ್ ದಿವಾನಗಿರಿಗೆ ಬಂದ ವರ್ಷವೂ ಅದೇ 1926. ಅಂದರೆ ಚಾಮರಾಜನಗರದ ರೈಲು ಕಂಪನಿಯ ರೈಲಲ್ಲ, ಮೈಸೂರಿನವರ ಸ್ವಂತ ರೈಲು.

ಗುರಿ ಈರೋಡು, ನಿಂತದ್ದು ಇಲ್ಲಿ

ಇಲ್ಲಿಯೇ ಒಂದು ಸಂಗತಿ ಗಮನಿಸಬೇಕು. ನಂಜನಗೂಡಿನಿಂದ ಮುಂದೆ ಘಟ್ಟ ಇಳಿಸಿ ಈರೋಡಿನ ಕಡೆಗೆ ಹಳಿ ಒಯ್ಯುವ ಮಾತು ಅರಸರ ಕಾಲದ್ದು. ಈರೋಡು ಆಗಲೇ ದಕ್ಷಿಣದ ದೊಡ್ಡ ಜಂಕ್ಷನ್. ಅಲ್ಲಿಗೆ ಕೂಡಿಕೊಂಡರೆ ಮೈಸೂರಿನ ಸರಕು ಕೊಯಮತ್ತೂರು, ತಿರುಚ್ಚಿ, ಕೊಚ್ಚಿಗೆ ಬೆಂಗಳೂರು ಸುತ್ತಿಕೊಳ್ಳದೆ ಹೋಗಬಹುದು. ನಕ್ಷೆ ತೆಗೆದು ನೋಡಿದವರಿಗೆ ಚಾಮರಾಜನಗರ ಅರ್ಧ ದಾರಿ. ಹೀಗೆ ಅರ್ಧ ದಾರಿಯ ಊರಾಗಬೇಕಿದ್ದದ್ದು ದಾರಿಯ ತುದಿಯಾಗಿ ಉಳಿಯಿತು.

ಈ ದಾರಿ ಹೊಸದೇನೂ ಅಲ್ಲ. ಗಜ್ಜಲಹಟ್ಟಿ ಕಣಿವೆಯಲ್ಲಿ ಮೈಸೂರು ಸೈನ್ಯಗಳು ಕೊಯಮತ್ತೂರು ಸೀಮೆಗೆ ಇಳಿದು ಹತ್ತಿದ್ದು ಇತಿಹಾಸದಲ್ಲಿದೆ. 1790ರಲ್ಲಿ ಟಿಪ್ಪು ಸುಲ್ತಾನ್ ಆ ಕಣಿವೆ ಇಳಿದೇ ಸತ್ಯಮಂಗಲದ ಹತ್ತಿರ ಇಂಗ್ಲಿಷರ ಮೇಲೆ ಬಿದ್ದದ್ದು. ಕುದುರೆ, ಒಂಟೆ, ಫಿರಂಗಿ ಇಳಿದ ಘಟ್ಟವನ್ನು ರೈಲು ಇಳಿಯಲಾಗಲಿಲ್ಲ. ಫಿರಂಗಿಯನ್ನು ಹಗ್ಗ ಕಟ್ಟಿ ಇಳಿಸಬಹುದು. ರೈಲಿಗೆ ಇಳಿಜಾರು ಇಂತಿಷ್ಟೇ ಇರಬೇಕು, ತಿರುವು ಇಂತಿಷ್ಟೇ ಇರಬೇಕು ಎಂಬ ಲೆಕ್ಕವಿದೆ. ದಿಂಬಂ ಘಟ್ಟದ ರಸ್ತೆ ಬಣ್ಣಾರಿಗೆ ಇಳಿಯುವಷ್ಟರಲ್ಲಿ 27 ಸಲ ಮಡಚಿಕೊಳ್ಳುತ್ತದೆ. ಆ ರಸ್ತೆಯಲ್ಲಿ ವಾಂತಿ ಮಾಡಿಕೊಂಡು ಹೋಗಿ ಬಂದವರಿಗೆ ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಸ್ವಾತಂತ್ರ್ಯ ಬಂತು. 1950ರಲ್ಲಿ ಮೈಸೂರು ರೈಲು ಕೇಂದ್ರ ಸರ್ಕಾರಕ್ಕೆ ಸೇರಿತು. 1951ರ ಏಪ್ರಿಲ್‌ನಲ್ಲಿ ಸದರನ್ ರೈಲ್ವೆ ಹುಟ್ಟಿದಾಗ ಚಾಮರಾಜನಗರದ ಸ್ಟೇಷನ್ನು ಮದ್ರಾಸಿನ ಕೈಕೆಳಗೆ ಹೋಯಿತು. 2003ರಲ್ಲಿ ಹುಬ್ಬಳ್ಳಿಯ ನೈರುತ್ಯ ರೈಲ್ವೆಗೆ ಬಂತು. ಯಜಮಾನರು ಬದಲಾದರು, ಹಳಿ ಮಾತ್ರ ಒಂದಡಿಯೂ ಮುಂದಕ್ಕೆ ಸರಿಯಲಿಲ್ಲ.

ಸಣ್ಣ ಗಾಡಿಯ ದೊಡ್ಡ ಸಂಸಾರ

ಮೀಟರ್ ಗೇಜಿನ ಕಾಲದ ಆ ಗಾಡಿಯನ್ನು ಕಂಡವರು ಊರಿನಲ್ಲಿ ಇನ್ನೂ ಬೇಕಾದಷ್ಟು ಮಂದಿ ಇದ್ದಾರೆ. ಒಂದು ಮೀಟರ್ ಅಗಲದ ಹಳಿ, ಅದರ ಮೇಲೆ ಚಿಕ್ಕ ಡಬ್ಬಿಗಳು, ಮರದ ಹಲಗೆಯ ಸೀಟು, ಮುಂದೆ ಕಲ್ಲಿದ್ದಲಿನ ಎಂಜಿನ್. ಕಿಟಕಿಯಲ್ಲಿ ತಲೆ ಇಟ್ಟರೆ ಕಣ್ಣಿಗೆ ಕರಿ ಪುಡಿ. ಬಿಳಿ ಪಂಚೆ ಉಟ್ಟು ಹತ್ತಿದವರು ಇಳಿಯುವಾಗ ಬೂದು ಬಣ್ಣ! ನಡೆದುಕೊಂಡು ಹೋದವನು ಮೊದಲು ಮುಟ್ಟುತ್ತಾನೆ ಎಂಬ ತಮಾಷೆ ಎಲ್ಲ ಬ್ರಾಂಚ್ ಲೈನಿನ ರೈಲುಗಳ ಮೇಲೂ ಇದ್ದ ಹಾಗೆ ಇದರ ಮೇಲೂ ಇತ್ತು.

ಆದರೆ ತಮಾಷೆ ಮಾಡಿದವರೂ ಹತ್ತುತ್ತಿದ್ದದ್ದು ಅದೇ ಗಾಡಿಯನ್ನೇ. ಬಸ್ಸಿಗಿಂತ ಚಾರ್ಜು ಕಡಿಮೆ, ಗಂಟು ಮೂಟೆಗೆ ಜಾಗ ಹೆಚ್ಚು. ಮರಿಯಾಲ, ಬದನಗುಪ್ಪೆ, ಕವಲಂದೆ, ನರಸಾಂಬುಧಿಯಂಥ ಸಣ್ಣ ಸ್ಟೇಷನ್ನುಗಳಲ್ಲಿ ಸೊಪ್ಪಿನ ಕಟ್ಟು, ಹಾಲಿನ ಕ್ಯಾನು, ಕೋಳಿಬುಟ್ಟಿ ಎಲ್ಲಾ ಏರುತ್ತಿದ್ದವು. ಈ ಹಳಿಯ ಆಸುಪಾಸಿನ ಬದನವಾಳು ಖಾದಿ ನೂಲಿಗೆ ಹೆಸರಾದ ಊರು. ಗಾಂಧೀಜಿ 1927ರಲ್ಲಿ ಅಲ್ಲಿಗೆ ಬಂದಿದ್ದರು. ಅಂದರೆ ಹಳಿ ಬಿದ್ದು ಒಂದೇ ವರ್ಷದ ಮಾತು.

ನಂಜನಗೂಡು ಜಾತ್ರೆ ಬಂದರೆ ಕಾಲಿಡಲು ಜಾಗವಿಲ್ಲ. ಮೈಸೂರು ದಸರಾ ಬಂದರೆ ಕೇಳುವುದೇ ಬೇಡ. ಜಂಬೂಸವಾರಿ ನೋಡಲು ಹೊರಟ ಹಳ್ಳಿ ಹಳ್ಳಿಯ ಸಂಸಾರಗಳು ಬುತ್ತಿ ಗಂಟಿನ ಸಮೇತ ರೈಲಿನಲ್ಲಿ. ಇತ್ತ ಆಷಾಢದಲ್ಲಿ ಚಾಮರಾಜೇಶ್ವರನ ತೇರು. ಬೇರೆ ಕಡೆ ಆಷಾಢವೆಂದರೆ ಹೊಸ ಹೆಂಡತಿ ತವರಿಗೆ ಹೋಗುವ ಮಾಸ, ಶುಭ ಕಾರ್ಯಕ್ಕೆ ರಜೆ. ಚಾಮರಾಜನಗರದಲ್ಲಿ ಮಾತ್ರ ಆಷಾಢದಲ್ಲೇ ತೇರು, ಅಗಲಿದ್ದ ನವದಂಪತಿಗಳು ಒಟ್ಟಿಗೆ ಬಂದು ತೇರಿಗೆ ಹಣ್ಣು-ದವನ ಎಸೆಯುವುದು ವಾಡಿಕೆ. ಎಷ್ಟು ಹೊಸ ಗಂಡಂದಿರು ಆ ದಿನ ರೈಲು ಇಳಿಯುವವರ ಮುಖವನ್ನೇ ನೋಡುತ್ತಾ ಪ್ಲಾಟ್‌ಫಾರಮ್ಮಿನಲ್ಲಿ ನಿಂತಿದ್ದರೋ, ಸ್ಟೇಷನ್ ಮಾಸ್ತರರ ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ. 2017ರಲ್ಲಿ ತೇರಿಗೆ ಬೆಂಕಿ ಬಿದ್ದು ಉತ್ಸವ ನಿಂತು, ಹೊಸ ತೇರು ಸಿದ್ಧವಾಗಿ 2022ರಲ್ಲಿ ಮತ್ತೆ ಶುರುವಾಯಿತು. ಆ ವರ್ಷದ ಜನಸಾಗರವನ್ನು ಊರು ಇನ್ನೂ ಮರೆತಿಲ್ಲ.

ಮೀಟರ್ ಗೇಜಿನ ಕೊನೆಗಾಲ ಕಷ್ಟದ್ದು. 1990ರ ದಶಕದಲ್ಲಿ ಬೆಂಗಳೂರು-ಮೈಸೂರು ಹಳಿ ಬ್ರಾಡ್ ಗೇಜ್ ಆಯಿತು. ಚಾಮರಾಜನಗರದ್ದು ಹಾಗೇ ಉಳಿಯಿತು. ದೊಡ್ಡ ಹಳಿಯ ಗಾಡಿ ಸಣ್ಣ ಹಳಿಗೆ ಬರಲಾರದು, ಸಣ್ಣದು ದೊಡ್ಡದಕ್ಕೆ ಹೋಗಲಾರದು. ಮೈಸೂರಿನಲ್ಲಿ ಇಳಿದು, ಗಂಟು ಹೊತ್ತು, ಇನ್ನೊಂದು ಗಾಡಿ ಹಿಡಿಯಬೇಕು. ಒಂದು ಚೀಲ ಅಕ್ಕಿ ಬೇರೆ ರಾಜ್ಯದಿಂದ ರೈಲಿನಲ್ಲಿ ಬಂದರೂ ಮೈಸೂರಿನಲ್ಲೇ ಇಳಿದು ಲಾರಿ ಹತ್ತಬೇಕು. ಇಡೀ ದೇಶದ ರೈಲು ಒಂದು ಕಡೆ, ಚಾಮರಾಜನಗರದ ರೈಲು ಒಂದು ಕಡೆ, ಮನೆಯಿಂದ ಬೇರೆಯಾದ ತಮ್ಮನ ಹಾಗೆ.

ಈ ತಮ್ಮನನ್ನು ಮನೆಗೆ ಸೇರಿಸಿಕೊಂಡದ್ದು 2008ರಲ್ಲಿ. ರೈಲು ನಿಲ್ಲಿಸಿ, ಹಳೆಯ ಹಳಿ ಕಿತ್ತು, ದೊಡ್ಡ ಹಳಿ ಹಾಕಿದರು. ಕಪಿಲೆಗೆ ರೈಲಿನದೇ ಬೇರೆ ಸೇತುವೆ ಬಂತು. ದಳವಾಯಿ ಸೇತುವೆಗೆ ಆಗ ಪಿಂಚಣಿ ಸಿಕ್ಕಿತು. ದೊಡ್ಡ ಹಳಿಯ ಲಾಭ ಜನಕ್ಕೆ ಕಂಡದ್ದು ತಿರುಪತಿ ಎಕ್ಸ್‌ಪ್ರೆಸ್ಸಿನಲ್ಲಿ. ಮೈಸೂರಿಗೆ ನಿಲ್ಲುತ್ತಿದ್ದ ಗಾಡಿಯನ್ನು ಚಾಮರಾಜನಗರದವರೆಗೆ ಬೆಳೆಸಿದರು. ಮಾದಪ್ಪನ ಬೆಟ್ಟದ ಜಿಲ್ಲೆಯವರು ಮನೆ ಬಾಗಿಲಲ್ಲಿ ಹತ್ತಿ, ಬೆಂಗಳೂರು ದಾಟಿ, ತಿಮ್ಮಪ್ಪನ ಪಾದದಲ್ಲಿ ಇಳಿಯುವ ಹಾಗಾಯಿತು. ತಿರುಪತಿಗೆ ಹೋಗದವರಿಗೂ ಅದು ಬೆಂಗಳೂರಿನ ಗಾಡಿ. ಟಿಕೇಟು ತಿರುಪತಿಯದು, ಕೆಲಸ ಮೆಜೆಸ್ಟಿಕ್ಕಿನದು ಎಂಬವರೇ ಅದರಲ್ಲಿ ಹೆಚ್ಚು ಎಂಬುದು ಊರಿನ ಹಾಸ್ಯ.

ಬಾರದ ಮುಖ್ಯಮಂತ್ರಿಗಳು, ಬರುತ್ತಿದ್ದ ರೈಲು

ಊರು ಹಿಂದೆ ಬಿದ್ದದ್ದಕ್ಕೆ ರೈಲ್ವೆಯೊಂದೇ ಕಾರಣವೆಂದರೆ ಅನ್ಯಾಯ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾನೆ ಎಂಬ ಮೂಢನಂಬಿಕೆ ಈ ಊರಿಗೆ ಅಂಟಿದ್ದು ಎಲ್ಲರಿಗೂ ಗೊತ್ತು. ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ, ಬೊಮ್ಮಾಯಿ, ವೀರೇಂದ್ರ ಪಾಟೀಲ್ ಎಂದು ಬೆರಳು ಮಡಚಿ ಎಣಿಸುತ್ತಿದ್ದರು. 1997ರಲ್ಲಿ ಮೈಸೂರಿನಿಂದ ಬೇರೆ ಮಾಡಿ ಹೊಸ ಜಿಲ್ಲೆ ಮಾಡಿದಾಗ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಜಿಲ್ಲೆಯ ಉದ್ಘಾಟನೆಯನ್ನು ಮಾಡಿದ್ದು ಮಲೆ ಮಹದೇಶ್ವರ ಬೆಟ್ಟದಲ್ಲಿ! ಜಿಲ್ಲಾ ಕೇಂದ್ರಕ್ಕೆ ಜಿಲ್ಲೆ ಕೊಡಲು ಬಂದವರು ಜಿಲ್ಲಾ ಕೇಂದ್ರಕ್ಕೇ ಬರಲಿಲ್ಲ. ಕೊನೆಗೆ ಸಿದ್ದರಾಮಯ್ಯನವರು 2013ರ ನಂತರ ಮತ್ತೆ ಮತ್ತೆ ಬಂದು, ಐದು ವರ್ಷದ ಅವಧಿಯನ್ನೂ ಪೂರೈಸಿ, ಆ ಭೂತ ಬಿಡಿಸಿದರು. ಈ ಅವಧಿಯುದ್ದಕ್ಕೂ ಊರಿಗೆ ಬಂದು ಹೋಗುತ್ತಿದ್ದದ್ದು ರೈಲು. ಅದರ ಕುರ್ಚಿಗೆ ಏನೂ ಆಗಲಿಲ್ಲ.

ಮುಖ್ಯಮಂತ್ರಿಗಳು ಬಾರದ ಊರಿನ ಅರ್ಜಿ ದಿಲ್ಲಿಯ ರೈಲ್ ಭವನದಲ್ಲಿ ಎಷ್ಟು ತೂಗೀತು?

ಕೊನೆಯ ಸ್ಟೇಷನ್ನಿಗೆ ಇನ್ನೊಂದು ಶಾಪವಿದೆ. ಜಂಕ್ಷನ್ನಿನ ಮೂಲಕ ನಾಲ್ಕೂರ ಜನ, ನಾಲ್ಕೂರ ಸರಕು ಹಾದು ಹೋಗುತ್ತದೆ. ತುದಿಯ ಸ್ಟೇಷನ್ನಿಗೆ ಆ ಊರಿಗೆ ಬರುವವರು, ಆ ಊರಿನಿಂದ ಹೋಗುವವರು ಮಾತ್ರ. ಆದ್ದರಿಂದ ಆದಾಯ ಕಡಿಮೆ. ಆದಾಯ ಕಡಿಮೆ ಎಂದು ಗಾಡಿ ಕಡಿಮೆ. ಗಾಡಿ ಕಡಿಮೆ ಎಂದು ಜನ ಬಸ್ಸಿಗೆ ಹೋಗುತ್ತಾರೆ. ಜನ ಬಸ್ಸಿಗೆ ಹೋದರು ಎಂದು ಮತ್ತೆ ಆದಾಯ ಕಡಿಮೆ. ಕೋಳಿ ಮೊದಲೋ ಮೊಟ್ಟೆ ಮೊದಲೋ ಎಂಬಂತೆ ಈ ಲೆಕ್ಕ ಸುತ್ತುತ್ತಲೇ ಇದೆ. ಚಾಮರಾಜನಗರದ ಕರಿಕಲ್ಲು ದೇಶವಿದೇಶಗಳಿಗೆ ಹೋದ ಕಲ್ಲು, ರೇಷ್ಮೆ ಮೈಸೂರು ಸೀರೆಯ ಹೆಸರಿನೊಳಗೆ ಕರಗಿದ ರೇಷ್ಮೆ, ಗುಂಡ್ಲುಪೇಟೆಯ ಅರಿಸಿನ ಹೊರ ಜಿಲ್ಲೆಗಳ ಮಾರುಕಟ್ಟೆ ಕಂಡ ಅರಿಸಿನ. ಸರಕು ಇಲ್ಲದ ಸೀಮೆ ಇದಲ್ಲ.

ಕಾಡು ಅಡ್ಡ ಬಂತೋ, ನಾವು ಕಾಡಿಗೆ ಅಡ್ಡ ಹೋದೆವೋ?

ಮೇಟುಪಾಳ್ಯಕ್ಕೆ ಹಳಿ ಹಾಕಿ ಎಂಬ ಕೂಗು ಚಾಮರಾಜನಗರದಲ್ಲಿ ಎದ್ದಷ್ಟು ಸಲ ಬೇರಾವ ಕೂಗೂ ಎದ್ದಿಲ್ಲ. ಊಟಿಗೆ ಹಲ್ಲುಹಳಿಯ ರೈಲು ಹತ್ತುವುದು ಆ ಮೇಟುಪಾಳ್ಯದಲ್ಲಿ. ಚುನಾವಣೆ ಬಂದಾಗ ಈ ದಾರಿ ಭಾಷಣದಲ್ಲಿ ಓಡುತ್ತದೆ, ಚುನಾವಣೆ ಮುಗಿದ ಮೇಲೆ ಕಡತದಲ್ಲಿ ನಿಲ್ಲುತ್ತದೆ. ಕೂಗಿಗೆ ಸ್ವಲ್ಪ ಜೀವ ಬಂದದ್ದು 1996-97ರ ರೈಲ್ವೆ ಬಜೆಟ್ಟಿನಲ್ಲಿ. ದೇವೇಗೌಡರು ಪ್ರಧಾನಿ, ರಾಂ ವಿಲಾಸ್ ಪಾಸ್ವಾನ್ ರೈಲ್ವೆ ಮಂತ್ರಿ. ಬೆಂಗಳೂರಿನ ಪಕ್ಕದ ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಚಾಮರಾಜನಗರದ ಮೇಲೆ ಸತ್ಯಮಂಗಲದವರೆಗೆ 260 ಕಿಲೋಮೀಟರ್ ಹೊಸ ಹಳಿ ಮಂಜೂರಾಯಿತು. ಚಾಮರಾಜನಗರ ಜಂಕ್ಷನ್ ಆಗುತ್ತದೆ ಎಂದು ಊರು ಕನಸು ಕಂಡಿತು.

ಕನಸಿನ ಅರ್ಧಕ್ಕೆ ಕಾಡು ಬಂತು. ಸತ್ಯಮಂಗಲದ ಕಡೆ ಸರ್ವೆ ಮಾಡಲೂ ಅನುಮತಿ ಸಿಗಲಿಲ್ಲ. ಅದು ವೀರಪ್ಪನ್ ತಿರುಗಾಡುತ್ತಿದ್ದ ಕಾಡು ಕೂಡ. 2000ದ ಜುಲೈ 30ರಂದು ಡಾ. ರಾಜ್‌ಕುಮಾರ್ ಅವರನ್ನು ಗಾಜನೂರಿನಿಂದ ಎತ್ತಿಕೊಂಡು ಹೋಗಿ 108 ದಿನ ಇಟ್ಟುಕೊಂಡದ್ದು ಇದೇ ಗಡಿಯ ಕಾಡುಗಳಲ್ಲಿ. 2004ರಲ್ಲಿ ವೀರಪ್ಪನ್ ಸತ್ತ. ಕಾಡಿನ ಭಯ ಹೋಯಿತು, ಕಾಡಿನ ಕಾನೂನು ಬಿಗಿಯಾಯಿತು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಮೀಸಲು, 2013ರಲ್ಲಿ ಸತ್ಯಮಂಗಲ ಹುಲಿ ಮೀಸಲು. ಬಂಡೀಪುರವಂತೂ 1973ರಿಂದಲೇ. ಹೀಗೆ ಚಾಮರಾಜನಗರದ ದಕ್ಷಿಣಕ್ಕೆ ಕಾಡಿನ ಬೇಲಿ ಸಂಪೂರ್ಣವಾಯಿತು.

ಇದನ್ನು ಬರೀ ಅಧಿಕಾರಿಗಳ ಮಲತಾಯಿ ಧೋರಣೆ ಎಂದು ಬೈಯುವುದು ಸುಲಭ. ಬೈಯುವ ಮೊದಲು ಒಂದು ಮಾತು ಯೋಚಿಸಬೇಕು. ಪೂರ್ವ ಘಟ್ಟ, ಪಶ್ಚಿಮ ಘಟ್ಟ ಎರಡೂ ಕೂಡುವ ಜಾಗ ಇದು. ಆನೆ ಬಿಳಿಗಿರಿ ಬೆಟ್ಟದಿಂದ ಸತ್ಯಮಂಗಲ, ಮುದುಮಲೆ, ಬಂಡೀಪುರಕ್ಕೆ ಮೇವು ನೀರು ಹುಡುಕಿಕೊಂಡು ನಡೆಯುವ ದಾರಿ ಈ ಕಾಡಿನಲ್ಲಿದೆ. ಆ ದಾರಿಗೆ ಅಡ್ಡಲಾಗಿ ಹಳಿ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಕೊಯಮತ್ತೂರು ಪಕ್ಕದ ವಾಳಯಾರ್ ದಾರಿಯಲ್ಲಿ ರೈಲಿಗೆ ಸಿಕ್ಕಿ ಸತ್ತ ಆನೆಗಳೇ ಸಾಕ್ಷಿ. ರಸ್ತೆಯದೇ ಸಾಕಾಗಿ ಹೋಗಿದೆ. ಬಂಡೀಪುರದ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ ಸಂಚಾರ ನಿಷೇಧ, ದಿಂಬಂ ಘಟ್ಟದಲ್ಲಿ 2022ರ ಫೆಬ್ರವರಿಯಿಂದ ಮದ್ರಾಸ್ ಹೈಕೋರ್ಟಿನ ಆದೇಶದಂತೆ ರಾತ್ರಿ ಸಂಚಾರಕ್ಕೆ ತಡೆ. ಲಾರಿಯನ್ನೇ ರಾತ್ರಿ ಬಿಡದ ಕಾಡಿನಲ್ಲಿ ರೈಲು ಬಿಡುತ್ತಾರೆಂದು ನಂಬಿಸುವವರು ಜನರ ಕಿವಿಗೆ ಹೂವಿಡುತ್ತಿದ್ದಾರೆ. ಮೇಟುಪಾಳ್ಯದ ಕನಸನ್ನು ಇನ್ನು ಕಟ್ಟಿಡುವುದು ಒಳ್ಳೆಯದು.

ಆದರೆ ಹೆಜ್ಜಾಲದ ಕಡೆಗೇನು ಅಡ್ಡಿ? ಚಾಮರಾಜನಗರದಿಂದ ಯಳಂದೂರು, ಕೊಳ್ಳೇಗಾಲ, ಮಳವಳ್ಳಿ, ಕನಕಪುರದ ಮೇಲೆ ಹೆಜ್ಜಾಲಕ್ಕೆ 142 ಕಿಲೋಮೀಟರ್. ದಿಂಬಂ ಘಟ್ಟವಿಲ್ಲ, ಸತ್ಯಮಂಗಲದ ಹುಲಿ ಮೀಸಲಿಲ್ಲ. ಬಹುಪಾಲು ಹೊಲ, ಗದ್ದೆ, ಊರು. ಇಲ್ಲಿ ಅಡ್ಡ ಬಂದದ್ದು ಆನೆಯಲ್ಲ, ಹಣ. ಭೂಮಿ ಯಾರು ಕೊಡಬೇಕು, ಖರ್ಚಿನಲ್ಲಿ ರಾಜ್ಯದ ಪಾಲೆಷ್ಟು, ಕೇಂದ್ರದ ಪಾಲೆಷ್ಟು ಎಂಬ ಎಳೆದಾಟದಲ್ಲಿ ವರ್ಷಗಳು ಕಳೆದವು. 1996ರಲ್ಲಿ ಹುಟ್ಟಿದ ಕೂಸು ಇವತ್ತು ಮದುವೆಯಾಗಿ ಮಕ್ಕಳನ್ನು ಎತ್ತಿ ಆಡಿಸುವ ವಯಸ್ಸು. ಹಳಿ ಇನ್ನೂ ನೆಲಕ್ಕೆ ಬಿದ್ದಿಲ್ಲ. ಸಿಟ್ಟು ಬರಬೇಕಾದದ್ದು ಈ ವಿಷಯಕ್ಕೆ. ವಿಚಿತ್ರವೆಂದರೆ ಮೇಟುಪಾಳ್ಯಕ್ಕೆ ಎದ್ದ ಕೂಗಿನಲ್ಲಿ ಕಾಲು ಭಾಗವೂ ಹೆಜ್ಜಾಲಕ್ಕೆ ಏಳಲಿಲ್ಲ.

ನಾಲ್ಕು ತಾಲ್ಲೂಕಿಗೆ ರೈಲಿಲ್ಲ

ಈ ಜಿಲ್ಲೆಯಲ್ಲಿ ಐದು ತಾಲ್ಲೂಕು. ಹಳಿ ಇರುವುದು ಚಾಮರಾಜನಗರ ತಾಲ್ಲೂಕಿನಲ್ಲಿ ಮಾತ್ರ. ಕೊಳ್ಳೇಗಾಲ, ಹನೂರು, ಯಳಂದೂರು, ಗುಂಡ್ಲುಪೇಟೆಯವರಿಗೆ ರೈಲಿನ ಶಬ್ದ ಕೇಳಬೇಕಾದರೆ ಬಸ್ಸು ಹತ್ತಬೇಕು. ಗುಂಡ್ಲುಪೇಟೆಯಂಥ ಊರು, ಊಟಿಗೂ ವಯನಾಡಿಗೂ ದಾರಿ ಕವಲೊಡೆಯುವ ಜಾಗ, ಎರಡು ರಾಜ್ಯದ ಲಾರಿ ನಿಲ್ಲುವ ಊರು. ಅಲ್ಲಿನವರು ಇವತ್ತಿಗೂ ರೈಲಿಗೆ ಹೋಗುವುದು ನಂಜನಗೂಡಿಗೆ ಇಲ್ಲವೇ ಮೈಸೂರಿಗೆ. ಎತ್ತಿನಗಾಡಿ ಹೋಗಿ ಬಸ್ಸು ಬಂತು ಅನ್ನುವುದು ಬಿಟ್ಟರೆ ಗುಂಡ್ಲುಪೇಟೆಯ ಪಾಲಿಗೆ 1891ನೇ ಇಸವಿ ಇನ್ನೂ ಮುಗಿದಿಲ್ಲ. ನಂಜನಗೂಡಿನಿಂದ ವಯನಾಡಿನ ಮೇಲೆ ಕೇರಳದ ನಿಲಂಬೂರಿಗೆ ಹಳಿ ಎಂಬ ಮಾತು ಆಗಾಗ ಏಳುತ್ತದೆ. ಅದಕ್ಕೂ ಮುಂದೆ ಬಂಡೀಪುರವಿದೆ.

ಹಾಗಾದರೆ ಈ ಸ್ಟೇಷನ್ನು ಯಾರದು? ಬೆಳಿಗ್ಗೆ ಬಂದು ನೋಡಬೇಕು. ಮೈಸೂರಿನ ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು, ನಂಜನಗೂಡು ಕಡೆಯ ಕಾರ್ಖಾನೆಗಳಿಗೆ ಹೋಗುವವರು, ಕೆ.ಆರ್. ಆಸ್ಪತ್ರೆಗೆ ಚೀಟಿ ಹಿಡಿದು ಹೊರಟ ಮುದುಕಿಯರು, ಗಾರೆ ಕೆಲಸಕ್ಕೆ ಹೊರಟ ಆಳುಗಳು, ಕೋರ್ಟು ಕಚೇರಿಯವರು. ಪಾಸಿನವರಿಗೆ ತಮ್ಮ ತಮ್ಮ ಜಾಗ ಗೊತ್ತು, ಅವರ ಇಸ್ಪೀಟಿನ ಎಲೆಗೂ ಗೊತ್ತು. ಒಂದು ದಿನ ಗಾಡಿ ತಪ್ಪಿದರೆ ಕೂಲಿಯವನಿಗೆ ಬಸ್ಸಿನ ಚಾರ್ಜೇ ಅರ್ಧ ಹೊಟ್ಟೆಯ ಊಟ. 2020ರ ಮಾರ್ಚಿನಲ್ಲಿ ಕೊರೋನಾ ಬಂದು ದೇಶದ ರೈಲುಗಳೆಲ್ಲ ನಿಂತಾಗ ಈ ಸಣ್ಣ ದಾರಿಯ ಗಾಡಿಗಳೂ ನಿಂತವು. ಎಕ್ಸ್‌ಪ್ರೆಸ್ಸುಗಳು ಮೊದಲು ಶುರುವಾದವು, ಪ್ಯಾಸೆಂಜರುಗಳು ಕೊನೆಗೆ. ಎಕ್ಸ್‌ಪ್ರೆಸ್ಸಿನಲ್ಲಿ ಹೋಗುವವರು ಯಾರು, ಪ್ಯಾಸೆಂಜರಿನಲ್ಲಿ ಹೋಗುವವರು ಯಾರು ಎಂಬುದು ಆ ತಿಂಗಳುಗಳಲ್ಲಿ ಬಿಸಿಲಿನಷ್ಟು ನಿಚ್ಚಳವಾಯಿತು.

ಈಗ ಕೇಂದ್ರದ ಅಮೃತ ಭಾರತ ನಿಲ್ದಾಣ ಯೋಜನೆಯ ಪಟ್ಟಿಯಲ್ಲಿ ಚಾಮರಾಜನಗರದ ಹೆಸರೂ ಇದೆ. ಮುಂಭಾಗ ಚೆಂದ ಮಾಡುವುದು, ಕೂರಲು ಜಾಗ, ನೆರಳು, ಶೌಚಾಲಯ, ದೀಪ ಇವೆಲ್ಲ ಬೇಕಾದವೇ, ಯಾರೂ ಬೇಡವೆನ್ನುವುದಿಲ್ಲ. ಮಳೆಯಲ್ಲಿ ನೆನೆದು ನಿಂತವರಿಗೆ ಸೂರಿನ ಬೆಲೆ ಗೊತ್ತು. ಆದರೆ ಕಟ್ಟಡಕ್ಕೆ ಬಣ್ಣ ಬಳಿದು ಗಾಡಿಯ ಸಂಖ್ಯೆ ಅಷ್ಟೇ ಇಟ್ಟರೆ, ಮದುವೆ ಮನೆಗೆ ಚಪ್ಪರ ಹಾಕಿ ಅಡಿಗೆಯವನನ್ನು ಕರೆಯದ ಹಾಗೆ.

ಜನ ಕೇಳುತ್ತಿರುವುದು ದೊಡ್ಡದಲ್ಲ. ಬೆಳಿಗ್ಗೆ ಬೆಂಗಳೂರಿಗೆ ಹೋಗಿ ಕೆಲಸ ಮುಗಿಸಿ ಅದೇ ರಾತ್ರಿ ಊರು ಸೇರುವ ಹೊತ್ತಿಗೆ ಹೊಂದುವ ಗಾಡಿ. ಮೈಸೂರಿನ ಕಚೇರಿ, ಕಾಲೇಜು ಬಿಡುವ ಹೊತ್ತಿಗೆ ಹೊಂದುವ ಸಂಜೆ ಗಾಡಿ. ಬದನಗುಪ್ಪೆ-ಕೆಲ್ಲಂಬಳ್ಳಿಯ ಕೈಗಾರಿಕಾ ಪ್ರದೇಶ ಹಳಿಯ ಪಕ್ಕದಲ್ಲೇ ಇದೆ, ಅದರ ಸರಕಿಗೆ ರೈಲಿನಲ್ಲಿ ಜಾಗ. ಹೆಜ್ಜಾಲದ ಹಳಿಗೆ ಕೊಳ್ಳೇಗಾಲದವರೆಗಾದರೂ ಒಂದು ಶುರು. ಚಾಮರಾಜನಗರದಿಂದ ಕೊಳ್ಳೇಗಾಲಕ್ಕೆ ಹಳಿ ಬಿದ್ದರೆ ಯಳಂದೂರಿಗೂ ರೈಲು ಬಂತು, ಹನೂರು ಮತ್ತು ಮಾದಪ್ಪನ ಬೆಟ್ಟಕ್ಕೆ ಹೋಗುವ ಯಾತ್ರಿಕರಿಗೆ ಕೊಳ್ಳೇಗಾಲದವರೆಗೆ ಬಸ್ಸಿನ ನೂಕುನುಗ್ಗಲು ತಪ್ಪಿತು.

1926ರಲ್ಲಿ ಮೈಸೂರು ಸಂಸ್ಥಾನ ತನ್ನ ಬೊಕ್ಕಸದಿಂದ ಹಣ ತೆಗೆದು ಈ ಊರಿಗೆ 35 ಕಿಲೋಮೀಟರ್ ಹಳಿ ಹಾಕಿತು. ಆ ಮೇಲೆ ಬಂದ ಸರ್ಕಾರಗಳು ಅದೇ ಹಳಿಯನ್ನು ಅಗಲ ಮಾಡಿದವು, ತಲೆಯ ಮೇಲೆ ವಿದ್ಯುತ್ ತಂತಿ ಎಳೆದವು. ಹೊಸದಾಗಿ ಒಂದು ಕಿಲೋಮೀಟರನ್ನು ಈ ಜಿಲ್ಲೆಗೆ ಸೇರಿಸಿದವರು ಯಾರು? ನೂರರ ಲೆಕ್ಕ ಹಾಕುವ ಹೊತ್ತಿನಲ್ಲಿ ಜಿಲ್ಲೆಯ ಶಾಸಕರು, ಸಂಸದರು, ಹುಬ್ಬಳ್ಳಿಯ ರೈಲ್ವೆ ಅಧಿಕಾರಿಗಳು ಹಾರ ತುರಾಯಿಗೆ ಮೊದಲು ಇದಕ್ಕೆ ಉತ್ತರ ಕೊಡಲಿ. ಬೆಳಗಿನ ಗಾಡಿಗೆ ಪಾಸು ಹಿಡಿದು ನಿಂತವರು ಕೇಳುತ್ತಿದ್ದಾರೆ.